ಕೂಸಿನ ತಲೆಯ ಕಡೆಗೆ ನಿಲ್ಲುವವರು

ಗಂಟಲು ನೋಡುವ ಅಲಗಿನ ತುದಿಯ ಪುಟ್ಟ ಬಲ್ಬು ಕೂಸಿನ ಬಾಯೊಳಗೆ ಹೋದ ಮೇಲೆಯೇ ಆರಬಹುದಿತ್ತು. ಆಕ್ಸಿಜನ್ ಸಿಲಿಂಡರಿನ ಮುಳ್ಳು ತುಂಬಿದೆ ಎಂದು ತೋರಿಸುತ್ತ ಒಳಗೆ ಏನೂ ಇಲ್ಲದಿರಬಹುದಿತ್ತು. ಸಿಲಿಂಡರ್ ನಿಜವಾಗಿಯೂ ತುಂಬಿದ್ದು, ಅದನ್ನು ತಿರುವುವ ಚಾವಿ ಹಿಂದಿನ ಪಾಳಿಯವನ ಜೇಬಿನಲ್ಲಿ ಕುಳಿತು ಅವನ ಮನೆಗೆ ಹೋಗಿರಬಹುದಿತ್ತು. ಉಸಿರಿಗೆಂದು ಗಂಟಲಿಗೆ ಇಳಿಸುವ ನಳಿಕೆ ಒಂದು ಅಳತೆ ದೊಡ್ಡದಾಗಬಹುದಿತ್ತು. ಚಿಕ್ಕದಾದರೆ ಪಕ್ಕದಿಂದ ಗಾಳಿ ಸೋರಬಹುದಿತ್ತು. ಸರಿಯಾದ ಅಳತೆಯದೇ ಸಿಕ್ಕು, ಶ್ವಾಸನಾಳ ಬಿಟ್ಟು ಅನ್ನನಾಳಕ್ಕೆ ಇಳಿದು, ಕೂಸಿನ ಹೊಟ್ಟೆ ಮಾತ್ರ ಚೆಂದಾಗಿ ಉಬ್ಬಬಹುದಿತ್ತು. ಸರಿಯಾದ ದಾರಿಯಲ್ಲೇ ಹೋಗಿ, ಅರ್ಧ ಬೆರಳು ಹೆಚ್ಚು ಇಳಿದು, ಬಲಗಡೆಯ ಶ್ವಾಸಕೋಶವೊಂದನ್ನೇ ತುಂಬಿ ಎಡಗಡೆಯದನ್ನು ಉಪವಾಸ ಕೆಡವಬಹುದಿತ್ತು. ಕರೆಂಟ್ ಹೋಗಬಹುದಿತ್ತು, ಜನರೇಟರ್ ಇದ್ದು ಡೀಸೆಲ್ ಇಲ್ಲದಿರಬಹುದಿತ್ತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರು ಏರಿನಲ್ಲಿ ಮುಂದಿನ ಗಾಲಿಗಳನ್ನು ಎತ್ತಿಕೊಂಡು ರಸ್ತೆಗೆ ಅಡ್ಡ ನಿಲ್ಲಬಹುದಿತ್ತು. ಆಂಬ್ಯುಲೆನ್ಸಿನ ಡ್ರೈವರನಿಗೆ ದಾರಿ ತಪ್ಪಬಹುದಿತ್ತು. ಕೂಸಿನ ತಂದೆ ಬವಳಿ ಬಂದು ಬಿದ್ದು, ಇದ್ದ ಒಬ್ಬ ನರ್ಸು ಅವನ ಕಡೆ ಓಡಬಹುದಿತ್ತು. ಕೊನೆಗೆ ನನಗೇ ಎದೆನೋವು ಬರಬಹುದಿತ್ತು; ಆ ವರ್ಷ ನನಗೆ ಐವತ್ತೆರಡು, ಎದೆನೋವಿಗೆ ಹೇಳಿ ಮಾಡಿಸಿದ ವಯಸ್ಸು.

ಇವಿಷ್ಟನ್ನೂ ನಾನು ಒಂದು ಜನವರಿಯ ಮಧ್ಯಾಹ್ನ, ಚಿಕ್ಕೋಡಿಯಿಂದ ನಿಪ್ಪಾಣಿಗೆ ಕಾರು ಓಡಿಸಿಕೊಂಡು ಹೋಗುವಾಗ, ಒಂದೊಂದಾಗಿ ಚಿಂತಿಸಿ ಮುಗಿಸಿದ್ದೆ. ಚಿಂತಿಸುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ.

ಕಳೆದ ವಾರ ರಾಯಬಾಗದಿಂದ ಮರಳಿ ಬರುವಾಗ ಸಕ್ಕರೆ ಕಾರ್ಖಾನೆಯ ಹಿಂದಿನಿಂದ ಕಾಕಂಬಿಯ ವಾಸನೆ ಬಂತು. ಹುಳಿತ ಬೆಲ್ಲವನ್ನು ಯಾರೋ ಸೀಯಿಸಿದಂಥ ವಾಸನೆ. ಗಾಜು ಏರಿಸುವುದರೊಳಗೆ ಅದು ಕಾರಿನೊಳಗೆ ಬಂದು ಪಕ್ಕದ ಸೀಟಿನಲ್ಲಿ ಕುಳಿತಿತ್ತು. ಅದರ ಹಿಂದೆಯೇ ಬಂತು ಆ ಹಂಗಾಮು, ನಾಲ್ಕು ವರ್ಷಗಳ ಹಿಂದಿನದು. ಕಬ್ಬು ನುರಿಸಲು ಶುರುಮಾಡಿದಾಗ ಸ್ನೇಹಲ್ ಡಾಕ್ಟರ್ ನಮ್ಮ ಕಡೆ ಬಂದರು. ಕಾರ್ಖಾನೆಯ ಹೊಗೆ ನಿಲ್ಲುವ ಹೊತ್ತಿಗೆ, ನಾನು ನನ್ನ ಬಗ್ಗೆ ಇಟ್ಟುಕೊಂಡಿದ್ದ ಒಂದೆರಡು ಒಳ್ಳೆಯ ಅಭಿಪ್ರಾಯಗಳು ಉಳಿದಿರಲಿಲ್ಲ.

ನಾನು ಅರಿವಳಿಕೆ ವೈದ್ಯ. ನನಗೆ ಸ್ವಂತ ಆಸ್ಪತ್ರೆ ಇಲ್ಲ, ಸ್ವಂತ ಚೀಲ ಇದೆ. ಆ ಚೀಲವನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬೆಳಿಗ್ಗೆ ಚಿಕ್ಕೋಡಿಯಲ್ಲಿ ಹರ್ನಿಯಾ, ಮಧ್ಯಾಹ್ನ ರಾಯಬಾಗದಲ್ಲಿ ಸಿಜೇರಿಯನ್, ಸಂಜೆ ಅಥಣಿಯಲ್ಲಿ ಮುರಿದ ಕಾಲು ಎಂದು ಅಲೆಯುವುದು ನನ್ನ ವೃತ್ತಿ. ಕೊಯ್ದವರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಮಲಗಿಸಿದವನ ಹೆಸರು ಮಲಗಿದವನಿಗೂ ಗೊತ್ತಿರುವುದಿಲ್ಲ. ಪೇಢೆಯ ಡಬ್ಬಿ ಸರ್ಜನ್ನರ ಮೇಜಿಗೆ ಹೋಗುತ್ತದೆ. ನಾನು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಅದರಲ್ಲಿ ಎರಡು ಉಳಿದಿರುತ್ತವೆ.

ಆದರೆ ಒಂದು ವಿಷಯದಲ್ಲಿ ಈ ಐದು ತಾಲೂಕು ನನ್ನವಾಗಿದ್ದವು. ಕಾಗವಾಡದಿಂದ ನಿಪ್ಪಾಣಿಯವರೆಗೆ ಯಾವ ಸಣ್ಣ ಆಸ್ಪತ್ರೆಯಲ್ಲೇ ಆಗಲಿ ಒಂದು ಕೂಸಿನ ಉಸಿರು ನಿಲ್ಲುವ ಹಂತಕ್ಕೆ ಬಂದರೆ, ಅವರು ಮೊದಲು ಒತ್ತುತ್ತಿದ್ದದ್ದು ನನ್ನ ನಂಬರನ್ನು. ಕೂಸಿನ ಗಂಟಲು ದೊಡ್ಡವರ ಗಂಟಲಿನ ಸಣ್ಣ ಮಾದರಿ ಅಲ್ಲ, ಅದು ಬೇರೆಯೇ ಊರು. ನಾಲಿಗೆ ಬಾಯಿ ತುಂಬ ಇರುತ್ತದೆ. ಶ್ವಾಸನಾಳದ ಬಾಗಿಲು ಮೇಲೆ, ಮುಂದಕ್ಕೆ, ನಿಮಗೆ ಬೇಡವಾದ ಜಾಗದಲ್ಲಿ ಇರುತ್ತದೆ. ಒಳಗೆ ಹೋಗಬೇಕಾದ ನಳಿಕೆ ಜ್ಯೂಸಿನ ಸ್ಟ್ರಾಗಿಂತ ತೆಳ್ಳಗೆ. ದೊಡ್ಡವರ ಎದೆಯಲ್ಲಿ ನಾಲ್ಕಾರು ಉಸಿರಿನ ಉಳಿತಾಯದ ಗಂಟು ಇರುತ್ತದೆ. ನಾವು ದಾರಿ ಹುಡುಕುವವರೆಗೆ ಅದರಲ್ಲಿ ದಿನ ತಳ್ಳುತ್ತಾರೆ. ಕೂಸಿಗೆ ಅಂಥ ಗಂಟಿಲ್ಲ. ಅಲಗು ಬಾಯಿಗೆ ಹೋಗುತ್ತಿದ್ದಂತೆ ನಾನು ನನ್ನ ಉಸಿರನ್ನೂ ಹಿಡಿಯುತ್ತಿದ್ದೆ. ನನಗೇ ತಡೆಯಲು ಆಗದ ಹೊತ್ತಿಗೆ ಕೂಸಿನ ತಾಳಿಕೆ ಅದಕ್ಕೂ ಮೊದಲೇ ಮುಗಿದಿದೆ ಎಂದು ಲೆಕ್ಕ. ಅಲಗು ತೆಗೆದು, ಮುಖಕ್ಕೆ ಮಾಸ್ಕ್ ಇಟ್ಟು, ಅದರ ರಬ್ಬರ್ ಚೀಲ ಒತ್ತಿ ಗಾಳಿ ಕೊಟ್ಟು, ಮತ್ತೆ ಹೊಸದಾಗಿ ಶುರು.

ಆ ಹೊತ್ತಿನಲ್ಲಿ ಕೂಸಿನ ತಲೆಯ ಕಡೆಗೆ ನಿಲ್ಲುವವನು ಒಬ್ಬನೇ. ಉಳಿದವರೆಲ್ಲ ಕಾಲ ಕಡೆ, ಪಕ್ಕದ ಕಡೆ. ಹದಿನೆಂಟು ವರ್ಷ ಆ ಜಾಗದಲ್ಲಿ ನಾನು ನಿಂತಿದ್ದೆ. ಪ್ರತಿ ಸಲವೂ ಅಲ್ಲಿಂದ ಓಡಿಹೋಗಬೇಕು ಅನಿಸುತ್ತಿತ್ತು. ಆದರೂ ಆ ಜಾಗ ನನ್ನದು.

ದೀಪಾವಳಿ ಮುಗಿದ ವಾರ ನಿಪ್ಪಾಣಿಯ ಆಸ್ಪತ್ರೆಯಿಂದ ಕರೆ ಬಂತು. ಒಂದು ವರ್ಷದ ಕೂಸು, ನ್ಯುಮೋನಿಯಾ, ಉಸಿರಾಡಿ ಉಸಿರಾಡಿ ದಣಿದಿದೆ. ದಾರಿಯಲ್ಲಿ ಟ್ರ್ಯಾಕ್ಟರುಗಳ ಸಾಲು, ಒಂದೊಂದರಲ್ಲೂ ಎದೆ ಅದುರುವಂತೆ ಮರಾಠಿ ಹಾಡು. ಬೆವರಿ, ಹಾರ್ನ್ ಹೊಡೆದು ಹೊಡೆದು, ಹೋಗಿ ಮುಟ್ಟಿದರೆ ಆಪರೇಷನ್ ಕೋಣೆಯ ಹೊರಗೆ ಕಸ್ತೂರಿ ಸಿಸ್ಟರ್ ಚಹಾ ಕುಡಿಯುತ್ತಿದ್ದಳು. ಆ ಆಸ್ಪತ್ರೆಯಲ್ಲಿ ಮೊದಲ ದಿನದಿಂದ ನನ್ನ ಜೊತೆ ನಿಂತವಳು. ಅವಳು ಚಹಾ ಕುಡಿಯುತ್ತಿದ್ದಾಳೆ ಎಂದರೆ ಒಂದೋ ಎಲ್ಲ ಒಳ್ಳೆಯದಾಗಿದೆ, ಇಲ್ಲ ಎಲ್ಲ ಮುಗಿದಿದೆ.

"ಬರ್ರಿ ಸರ್, ಚಾ ತೊಗೊಳ್ರಿ."

"ಕೂಸ ಎಲ್ಲೈತಿ?"

"ಕೂಸ ಆರಾಮ ಐತ್ರಿ. ಟ್ಯೂಬ್ ಹಾಕ್ಯಾರ. ಹೊಸಾ ಡಾಕ್ಟರ್ ಬಾಯಾರು ಬಂದಾರಲ್ರಿ, ಸದಲಗಾದವರ ಸೊಸಿ, ಅವರು."

"ಎಷ್ಟನೇ ಸಲಕ್ಕ ಹೋತು?"

"ಒಂದ ಸಲಕ್ಕ ಹೋತ್ರಿ. ನಾ ಕೈಗವಸ ಹಾಕ್ಕೊಳ್ಳೂದ್ರಾಗ ಮುಗಸಿದ್ರು."

ಒಳಗೆ ಹೋಗಿ ಸ್ಟೆಥಾಸ್ಕೋಪ್ ಇಟ್ಟು ಕೂಸಿನ ಎದೆ ಕೇಳಿದೆ. ಎರಡೂ ಕಡೆ ಗಾಳಿ ಸಮ. ಮತ್ತೆ ಕೇಳಿದೆ. ಮೂರನೆಯ ಸಲ ಕೇಳುವಾಗ ನನಗೇ ಗೊತ್ತಾಯಿತು, ನಾನು ಎಡಗಡೆ ಸ್ವಲ್ಪ ಕಡಿಮೆ ಇರಬಹುದೇನೋ ಎಂದು ಆಸೆಯಿಂದ ಕೇಳುತ್ತಿದ್ದೇನೆ ಎಂದು. ನಳಿಕೆಯ ಮೇಲಿನ ಗುರುತು ಎಲ್ಲಿರಬೇಕೋ ಅಲ್ಲಿತ್ತು. ಇಂಥ ಅಚ್ಚುಕಟ್ಟು ಕೆಲಸವನ್ನು ನಾನು ನೋಡಿದ್ದು ಕಡಿಮೆ; ಮಾಡಿದ್ದು ಇನ್ನೂ ಕಡಿಮೆ.

ಸ್ನೇಹಲ್ ಅವರು ಮೂಲೆಯ ಸ್ಟೂಲಿನ ಮೇಲೆ ಕುಳಿತು ಡಬ್ಬಿ ಬಿಚ್ಚಿದ್ದರು. ಜೈನರ ಮನೆಯವರು, ಸೂರ್ಯ ಮುಳುಗುವ ಮುಂಚೆ ಊಟ ಮುಗಿಯಬೇಕು. ಮೂವತ್ತಮೂರು ವಯಸ್ಸಿರಬಹುದು. ಪುಣೆಯಲ್ಲಿ ಮಕ್ಕಳ ಐಸಿಯುವಿನಲ್ಲಿ ಐದು ವರ್ಷ ಕೆಲಸ ಮಾಡಿ, ಅತ್ತೆಮನೆಯವರ ಹೈನಿನ ವ್ಯವಹಾರಕ್ಕೆ ಗಂಡ ಮರಳಿದ್ದರಿಂದ ಇಲ್ಲಿಗೆ ಬಂದಿದ್ದರು. ನಾನು ಮೊದಲು ನೋಡಿದ್ದು ಅವರ ಕೈಗಳನ್ನು. ಹೈಸ್ಕೂಲು ಹುಡುಗಿಯ ಕೈಗಳಂತೆ ಸಣ್ಣವು. ನನ್ನ ಬೆರಳುಗಳನ್ನು ನಾನು ಜೇಬಿನಲ್ಲಿ ಇಟ್ಟುಕೊಂಡೆ.

"ಸರ್, ನಿಮ್ಮ ಹೆಸರ ಭಾಳ ಕೇಳೀನ್ರಿ," ಎಂದರು. "ನೀವು ಬರೂಮಟಾ ಕಾಯಬೇಕಂತಿದ್ದೆ. ಕೂಸ ಕಾಯಲಿಲ್ಲ."

"ಇರಲಿ ಇರಲಿ, ಛಲೋ ಆತು," ಎಂದೆ. ನನ್ನ ಜೀವನದಲ್ಲಿ 'ಛಲೋ ಆತು' ಎಂಬ ಮಾತನ್ನು ಅಷ್ಟು ಕಷ್ಟಪಟ್ಟು ನಾನು ಎಂದೂ ಅಂದಿರಲಿಲ್ಲ.

ಅಲ್ಲಿಂದ ಮುಂದೆ ನಾನು ಮನಸ್ಸಿನಲ್ಲೇ ಅವರ ತಪ್ಪುಗಳ ಪಟ್ಟಿ ಬರೆಯಲು ಶುರುಮಾಡಿದೆ. ಆಪರೇಷನ್ ಕೋಣೆಯ ಮೂಲೆಯಲ್ಲಿ ತಿನ್ನುತ್ತಾರೆ. ಕೆಲಸ ಮುಗಿಸಿ ಕುರ್ಚಿಯಲ್ಲೇ ಐದು ನಿಮಿಷ ನಿದ್ದೆ ಹೋಗುತ್ತಾರೆ. ಸಣ್ಣ ಪರದೆಯ ಮೇಲೆ ಗಂಟಲು ಕಾಣಿಸುವ ಯಂತ್ರ ಇಟ್ಟುಕೊಂಡಿದ್ದಾರೆ, ನಾವೇನು ಟೀವಿ ನೋಡಿಕೊಂಡು ಕಲಿತೆವೇ. ಎಲ್ಲಕ್ಕಿಂತ ದೊಡ್ಡ ತಪ್ಪು, ಅವರು ಚಿಂತೆ ಮಾಡುವುದಿಲ್ಲ. ಚಿಂತೆ ಮಾಡದವರಿಂದ ಈ ಕೆಲಸ ಆಗುವುದಿಲ್ಲ ಎಂಬುದು ನನ್ನ ಹದಿನೆಂಟು ವರ್ಷಗಳ ಸಿದ್ಧಾಂತ. ಅದು ಸುಳ್ಳಾದರೆ ನಾನು ಕಳೆದುಕೊಂಡ ನಿದ್ದೆಗೆಲ್ಲ ಯಾರು ಉತ್ತರ ಕೊಡಬೇಕು?

ಡಿಸೆಂಬರಿನಲ್ಲಿ ಅಥಣಿಯಲ್ಲಿ ಒಂದು ಎಂಟು ತಿಂಗಳ ಗಂಡು ಕೂಸು. ಇಬ್ಬರನ್ನೂ ಕರೆದಿದ್ದರು. ನಾನು ಮೊದಲು ಹೋಗಿ ಮುಟ್ಟಿದೆ. ಅದಕ್ಕಾಗಿ ಎಷ್ಟು ವೇಗದಲ್ಲಿ ಹೋದೆ ಎಂದು ಇಲ್ಲಿ ಹೇಳುವುದಿಲ್ಲ. ತಲೆಯ ಕಡೆ ನಿಂತೆ. ಅವರು ಬಂದು ಪಕ್ಕದಲ್ಲಿ, ಕೈ ಕಟ್ಟಿ, ಸುಮ್ಮನೆ ನಿಂತರು.

ಅಲಗು ಇಟ್ಟೆ. ಕಂಡದ್ದು ಬರೀ ನಾಲಿಗೆ. ಉಸಿರು ಹಿಡಿದು ಹುಡುಕಿದೆ. ಕೂಸಿನ ಬೆರಳಿಗೆ ಕಟ್ಟಿದ ಆಕ್ಸಿಜನ್ ಅಳೆಯುವ ಯಂತ್ರದ ಸದ್ದು, ಕೊರೊನಾ ಬಂದ ಮೇಲೆ ಆ ಯಂತ್ರ ಗೊತ್ತಿಲ್ಲದವರಿಲ್ಲ, ತೆಳ್ಳಗಿದ್ದದ್ದು ದಪ್ಪಗಾಗುತ್ತ ಕೆಳಗಿಳಿಯಿತು. ಅಲಗು ತೆಗೆದು ಮಾಸ್ಕ್ ಒತ್ತಿ ಗಾಳಿ ಕೊಟ್ಟೆ. ಮತ್ತೆ ಇಟ್ಟೆ. ಮತ್ತೆ ನಾಲಿಗೆ. ನನ್ನ ಕೈಗಳ ಮೇಲೆ ಅವರ ಕಣ್ಣು ಕುಳಿತಿರುವುದು ನನಗೆ ನೋಡದೆಯೇ ತಿಳಿಯುತ್ತಿತ್ತು.

"ಸರ್," ಎಂದರು ಮೆಲ್ಲಗೆ, ನನಗಷ್ಟೇ ಕೇಳುವ ಹಾಗೆ, "ಭುಜದ ಬುಡಕ ಏನರೆ ಇಡೂಣೇನ್ರಿ?"

ಕೂಸುಗಳ ಹಿಂದಲೆ ದೊಡ್ಡದು. ಚಪ್ಪಟೆ ಮಲಗಿಸಿದರೆ ಗದ್ದ ಎದೆಗೆ ತಾಗಿ ದಾರಿ ಮಡಚಿಕೊಳ್ಳುತ್ತದೆ. ಭುಜದ ಕೆಳಗೆ ಒಂದು ಮಡಿಸಿದ ಬಟ್ಟೆ ಇಟ್ಟರೆ ಎಲ್ಲ ನೇರವಾಗುತ್ತದೆ. ಇದನ್ನು ಐದು ತಾಲೂಕಿನ ನರ್ಸುಗಳಿಗೆ ಕಲಿಸಿದವನು ನಾನು. ಕಲಿಸುವಾಗ ಸಿಟ್ಟು ಮಾಡಿಯೇ ಕಲಿಸಿದ್ದೆ. ಅವತ್ತು ನಾನು ಮರೆತಿದ್ದೆ.

ಅವರು ತಮ್ಮ ಓಢಣಿಯನ್ನೇ ನಾಲ್ಕು ಮಡಿಕೆ ಮಾಡಿ ಕೂಸಿನ ಭುಜದ ಕೆಳಗೆ ಸರಿಸಿದರು, ಮತ್ತೆ ಕೈ ಕಟ್ಟಿ ನಿಂತರು. ನಾನು ಅಲಗು ಇಟ್ಟೆ. ದಾರಿ ತೆರೆದ ಬಾಗಿಲಿನಂತೆ ಕಂಡಿತು. ನಳಿಕೆ ಹೋಯಿತು. ಹೊರಗೆ ಕೂಸಿನ ಅಜ್ಜ ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡರು. ಸ್ನೇಹಲ್ ಅವರು ಓಢಣಿಯನ್ನು ಝಾಡಿಸಿ ಹೆಗಲ ಮೇಲೆ ಹಾಕಿಕೊಂಡು, ಯಾರಿಗೂ ಏನೂ ಹೇಳದೆ, ಕಾರು ಹತ್ತಿದರು. ಅವರು ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಹಾಕಿದ್ದರೆ ನಾನು ಅವರನ್ನು ನೆಮ್ಮದಿಯಿಂದ ದ್ವೇಷಿಸಬಹುದಿತ್ತು. ಆ ಅನುಕೂಲವನ್ನೂ ಅವರು ಮಾಡಿಕೊಡಲಿಲ್ಲ.

ಅಲ್ಲಿಂದ ನನ್ನ ಫೋನು ಮೌನ ಹಿಡಿಯತೊಡಗಿತು. ಹರ್ನಿಯಾ, ಸಿಜೇರಿಯನ್‌ಗೆ ಕರೆ ಬರುತ್ತಿತ್ತು. ಕೂಸುಗಳಿಗೆ ಇಲ್ಲ. ಕಾಗವಾಡದ ಆಸ್ಪತ್ರೆಗೆ ನಾನೇ ಒಮ್ಮೆ ಫೋನು ಮಾಡಿದೆ.

"ಏನರೆ ಇತ್ತೇನ್ರಿ ಸರ್?" ಎಂದರು ಅಲ್ಲಿಯ ಸಿಸ್ಟರ್.

"ಏನಿಲ್ಲವಾ, ರೇಂಜ್ ಐತೇನ ನೋಡಾಕತ್ತಿದ್ದೆ. ಕೂಸುಗೋಳ ಹೆಂಗದಾವು?"

"ನಿನ್ನೆ ಜುಗೂಳದ್ದು ಒಂದು ಬಂದಿತ್ರಿ. ಬಾಯಾರು ಬಂದು ನೋಡಿದ್ರು. ನಿಮಗ್ಯಾಕ ಸುಮ್ಮ ತ್ರಾಸ ಕೊಡೂದಂತ ಹೇಳಲಿಲ್ರಿ."

ಹದಿನೆಂಟು ವರ್ಷ ನಾನು ಬಯಸಿದ್ದು ಇದನ್ನೇ. ಕೂಸುಗಳ ಕರೆ ಬಂದರೆ ಊಟ ಬಿಟ್ಟು ಏಳಬೇಕು, ದಾರಿಯುದ್ದಕ್ಕೂ ಕೆಟ್ಟದ್ದನ್ನೇ ಎಣಿಸಬೇಕು. ದೇವರೇ, ಈ ತ್ರಾಸ ಬೇರೆ ಯಾರಿಗಾದರೂ ಕೊಡು ಎಂದು ಬೇಡಿಕೊಂಡಿದ್ದೆ. ಕೊಟ್ಟ. ಈಗ ಊಟದ ಮುಂದೆ ಫೋನು ಇಟ್ಟುಕೊಂಡು ಅದರ ಮುಖ ನೋಡುತ್ತ ಕೂರುತ್ತಿದ್ದೆ.

"ಮೊದಲ ಫೋನ್ ಬಂದ್ರ ಗಾಬರಿ ಆಗತಿದ್ರಿ," ಎಂದಳು ನನ್ನ ಹೆಂಡತಿ ಸುಮಿತ್ರಾ, ರೊಟ್ಟಿ ಹಾಕುತ್ತ. "ಈಗ ಬರಲಿಲ್ಲಂದ್ರ ಗಾಬರಿ ಆಗತೀರಿ. ಒಟ್ಟ ನಿಮಗ ಗಾಬರಿ ಬೇಕು."

"ಆಕಿ ಕೈ ಸಣ್ಣವು, ಅದಕ ಸುಲಭ ಆಗತೈತಿ," ಎಂದೆ.

"ಆಕಿ ಅಂದ್ರ ಯಾರು? ನಾ ಯಾರದರೆ ಹೆಸರ ತಗದ್ನೇನು?"

ನಾನು ರೊಟ್ಟಿ ಮುರಿದೆ.

ಹೀಗಿರುವಾಗ ಸಂಕ್ರಾಂತಿಯ ಹಿಂದುಮುಂದಿನ ಒಂದು ದಿನ, ಮಧ್ಯಾಹ್ನ ಹನ್ನೆರಡಕ್ಕೆ, ಸ್ನೇಹಲ್ ಅವರೇ ಫೋನು ಮಾಡಿದರು. "ಸರ್, ನಿಪ್ಪಾಣಿಗೆ ಬರಾಕಾಗತೈತೇನ್ರಿ? ಎರಡ ತಿಂಗಳದ ಹೆಣ್ಣ ಕೂಸು. ನೆಗಡಿ ಎದಿಗೆ ಇಳದೈತಿ, ಉಸಿರಾಡೂದು ನಡುನಡುಕ ನಿಲ್ಲಸಾಕತ್ತೈತಿ. ಟ್ಯೂಬ್ ಹಾಕಿ ಕೊಲ್ಹಾಪುರಕ್ಕ ಒಯ್ಯಬೇಕು. ಗಾಡಿಯೊಳಗ ನನಗ ನೀವು ಸಂಗಾಟ ಬೇಕು."

ನನಗೆ ನೀವು ಬೇಕು. ಆ ಮಾತಿಗೆ ನಾನು ಕಾರಿನ ಚಾವಿ ತೆಗೆದುಕೊಳ್ಳುವಾಗ ಸೀಟಿ ಹಾಕಿದ್ದೆ ಎಂದು ಸುಮಿತ್ರಾ ಈಗಲೂ ಹೇಳುತ್ತಾಳೆ. ಹಾಕಿರಲಿಕ್ಕಿಲ್ಲ.

ಆಸ್ಪತ್ರೆಯಲ್ಲಿ ಕೂಸಿನ ಅಜ್ಜಿ ಬಾಗಿಲಲ್ಲೇ ಸಿಕ್ಕರು. ಸದಲಗಾದ ಕಡೆಯ ರೈತರ ಮನೆಯವರು, ಹಸಿರು ಇಳಕಲ್ ಸೀರೆ, ಎದೆಗೆ ಕೂಸಿನ ಖಾಲಿ ದುಪ್ಪಟಿ ಒತ್ತಿಕೊಂಡು ನಿಂತಿದ್ದರು. ಕೂಸಿನ ತಾಯಿ ಗೋಡೆಗೆ ಒರಗಿ ಕುಳಿತಿದ್ದಳು.

"ಸಾಹೇಬ್ರ, ನಮ್ಮ ಆರೋಹಿ ಉಳೀತಾಳೇನ್ರಿ?"

"ಯಾವಾಗಿಂದ ಹಿಂಗಾಗೈತಿ, ಆಯಿ?"

"ಮುಂಜಾನಿಂದ ಹಾಲ ಕುಡಿವಲ್ಲದಂಗಾತ್ರಿ. ದವಾಖಾನಿಗೆ ಒಯ್ಯೂಣು ಅಂದ್ರು. ಹಂಗ ಹೆಂಗ ತರೂದ್ರಿ, ಎಣ್ಣಿ ತಿಕ್ಕಿ ಎರದು, ಲೋಬಾನ ಹೊಗಿ ಕೊಟ್ಟು, ಮತ್ತ ನೆತ್ತಿಗಿ ಮಾರಿಗಿ ಒಂದೀಟ ಕೊಬ್ಬರೆಣ್ಣಿ ಸವರಿ, ಅಂಗಿ ಹಾಕ್ಕೊಂಡ ತಂದೀನಿ. ನಾಕ ಮಂದಿ ಡಾಕ್ಟರ್ ನೋಡತಾರ, ಕೂಸ ಹೊಲಸ ಇರಬಾರದಲ್ರಿ."

ಇದು ನಮ್ಮ ಕಡೆಯ ರೂಢಿ. ಜ್ವರ ಇರಲಿ, ಉಬ್ಬಸ ಇರಲಿ, ಕೂಸಿಗೆ ಎಣ್ಣೆ ನೀರು ಎರೆಯದೆ ಹೊಸಿಲು ದಾಟಿಸುವುದಿಲ್ಲ. ದೊಡ್ಡ ಊರಿನ ದೊಡ್ಡ ಐಸಿಯುಗೆ ಮುಟ್ಟುವಷ್ಟರಲ್ಲಿ ಮೂರು ಕೈ ದಾಟಿ, ಯಾರೋ ಒರೆಸಿ, ಯಾರೋ ತೊಳೆದು, ಕೂಸಿನ ಮೈಯ ಎಣ್ಣೆ ಹೋಗಿರುತ್ತದೆ. ನಮ್ಮ ಹತ್ತಿರ ಬರುವುದು ಅಜ್ಜಿಯ ತೊಡೆಯಿಂದ ನೇರವಾಗಿ.

ಒಳಗೆ ಸ್ನೇಹಲ್ ಅವರು ತಲೆಯ ಕಡೆಗೆ ನಿಂತು ಮಾಸ್ಕಿನಿಂದ ಗಾಳಿ ಕೊಡುತ್ತಿದ್ದರು. ನನ್ನನ್ನು ಕಂಡು ಅರ್ಧ ಹೆಜ್ಜೆ ಸರಿದರು. "ಸರ್, ನೀವು ಹಾಕತೀರೇನ್ರಿ?"

"ನೀವ ಹಾಕ್ರಿ. ನಂದೇನೈತಿ." ಮದುವೆಯ ಮನೆಯಲ್ಲಿ ಮೊದಲ ಪಂಕ್ತಿಗೆ ಕರೆಯಲಿಲ್ಲವೆಂದು ಮುನಿಸಿಕೊಂಡ ಬೀಗರ ದನಿಯಲ್ಲಿ ಹೇಳಿದೆ. ಎರಡನೆಯ ಸಲ ಕೇಳುತ್ತಾರೆ, ಆಗ ಒಪ್ಪಿಕೊಳ್ಳೋಣ ಎಂದುಕೊಂಡಿದ್ದೆ. ಅವರು ಕೇಳಲಿಲ್ಲ. "ಹೌದ್ರಿ," ಎಂದು ಅಲಗು ಎತ್ತಿಕೊಂಡರು.

ಒಂದೇ ಸಲಕ್ಕೆ ಹೋಯಿತು. ಪಕ್ಕದಲ್ಲಿ ನಿಂತು ಕೂಸಿನ ಕುತ್ತಿಗೆಯ ಮೇಲೆ ಕಿರುಬೆರಳಿಟ್ಟು ಮೆಲ್ಲಗೆ ಒತ್ತುವ ಕೆಲಸ ನನ್ನದಾಗಿತ್ತು. ಆ ಬೆರಳಿನ ಕೆಳಗೇ ನಳಿಕೆ ಸರಿದು ಹೋಗುವುದು ನನಗೆ ತಿಳಿಯಿತು. ಕೂಸಿನ ಎದೆ ಎರಡೂ ಕಡೆ ಏರಿತು. ಯಂತ್ರದ ಸದ್ದು ಮೇಲೇರಿ ತೆಳ್ಳಗಾಯಿತು. ಕಸ್ತೂರಿ ಆಂಬ್ಯುಲೆನ್ಸಿಗೆ ಸಿಲಿಂಡರ್ ಇಡಿಸಲು ಹೊರಗೆ ಓಡಿದಳು. ಸ್ನೇಹಲ್ ಅವರು ಒಂದು ಕೈಯಿಂದ ನಳಿಕೆ ಹಿಡಿದುಕೊಂಡು, ಅದನ್ನು ಗಲ್ಲಕ್ಕೆ ಅಂಟಿಸಲು ಇನ್ನೊಂದು ಕೈಯಿಂದ ಪ್ಲಾಸ್ಟರಿನ ಪಟ್ಟಿ ತೆಗೆದುಕೊಂಡರು.

ಆಗ ನಾನು ಕೂಸಿನ ಗಲ್ಲ ನೋಡಿದೆ. ಮೇಲಿನ ದೀಪ ಅದರಲ್ಲಿ ಹೊಳೆಯುತ್ತಿತ್ತು.

ಎಣ್ಣೆಯ ಗಲ್ಲಕ್ಕೆ ಪ್ಲಾಸ್ಟರ್ ಹಿಡಿಯುವುದಿಲ್ಲ. ಹಚ್ಚಿದ ಹೊತ್ತಿಗೆ ಹಿಡಿದ ಹಾಗೆ ಕಾಣುತ್ತದೆ. ಆಮೇಲೆ ಅಂಚಿನಿಂದ ಏಳುತ್ತದೆ. ಕೂಸಿನ ನಳಿಕೆ ಒಂದು ಬೆರಳ ಅಗಲ ಸರಿದರೂ ಸಾಕು, ಹೊರಗೆ ಬಂದಂತೆ. ಈ ಕೆಲಸದ ಐದನೆಯ ವರ್ಷದಲ್ಲಿ ಇದು ನನಗೇ ಆಗಿ, ಅಂದಿನಿಂದ ಸ್ಪಿರಿಟಿನ ಹತ್ತಿಯಿಂದ ಒರೆಸದೆ ಪಟ್ಟಿ ಹಚ್ಚುತ್ತಿರಲಿಲ್ಲ. ಮೇಲೆ ಹತ್ತಿಯ ಲಾಡಿಯನ್ನು ಕಿವಿಗಳ ಮೇಲಿನಿಂದ ಸುತ್ತಿ ಗಂಟು ಹಾಕುತ್ತಿದ್ದೆ. ಒರೆಸುವುದು ಯಾವಾಗಲೂ ಕಸ್ತೂರಿಯ ಕೆಲಸ. ಕಸ್ತೂರಿ ಹೊರಗಿದ್ದಳು.

ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಏನಿತ್ತು ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಕೂಸಿಗೆ ಕೆಡುಕಾಗಲಿ ಎಂದು ಇರಲಿಲ್ಲ, ಅಷ್ಟನ್ನು ಆಣೆ ಮಾಡಿ ಹೇಳಬಲ್ಲೆ. ಪಟ್ಟಿ ಸ್ವಲ್ಪ ಏಳಲಿ, ನನ್ನ ಕಣ್ಣೆದುರಿಗೇ ಏಳಲಿ, ಆಗ ನಾನು ಕೈ ಚಾಚಿ ಸರಿಮಾಡುತ್ತೇನೆ. ಒಂದು ಸಣ್ಣ ತಪ್ಪು, ಅವರದು. ಒಂದು ಸಣ್ಣ ತಿದ್ದುಪಡಿ, ನನ್ನದು. ಅಷ್ಟು ಸಿಕ್ಕಿದ್ದರೆ ನನಗೆ ಆ ಹಂಗಾಮು ಸಾಕಾಗಿತ್ತು. ಅವರು ಪಟ್ಟಿ ಹಚ್ಚುತ್ತಿರುವಾಗಲೇ ನಾನು ಟ್ರೇಯಿಂದ ಕತ್ತರಿ ತೆಗೆದುಕೊಂಡು, ಬೆನ್ನು ತಿರುಗಿಸಿ, ಕೂಸಿನ ತಲೆಯ ಅಳತೆಗೆ ಲಾಡಿ ಕತ್ತರಿಸಿ ಜೇಬಿನಲ್ಲಿಟ್ಟುಕೊಂಡೆ. ಕತ್ತರಿಯನ್ನು ಮರಳಿ ಟ್ರೇಯಲ್ಲಿ ಇಡುವಾಗ ಕಸ್ತೂರಿ ಒಳಗೆ ಬಂದಳು.

ಆಂಬ್ಯುಲೆನ್ಸಿನಲ್ಲಿ ತಾಯಿ ಡ್ರೈವರನ ಪಕ್ಕದಲ್ಲಿ, ಹಿಂದೆ ನಾವು ಮೂವರು. ಸ್ನೇಹಲ್ ಅವರು ಗಾಳಿಯ ಚೀಲ ಒತ್ತುತ್ತಿದ್ದರು, ಕಸ್ತೂರಿ ಯಂತ್ರ ಹಿಡಿದಿದ್ದಳು, ನಾನು ಪಟ್ಟಿ ನೋಡುತ್ತಿದ್ದೆ. ಆಸ್ಪತ್ರೆಯ ಗೇಟಿನಲ್ಲಿ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಗಾಡಿ ಗೇಟು ದಾಟಿತು. ಹೆದ್ದಾರಿಗೆ ಏರುವಾಗ ಹೇಳೋಣ ಎಂದುಕೊಂಡೆ. ಆದರೆ ಈಗ ಹೇಳಿದರೆ, ಆಗಲೇ ಯಾಕೆ ಹೇಳಲಿಲ್ಲ ಎಂಬ ಮಾತು ಏಳುತ್ತದೆ. ಒಂದು ನಿಮಿಷ ತಡವಾದ ಮಾತಿಗೆ ಎರಡು ನಿಮಿಷದ ವಿವರಣೆ ಬೇಕು. ಎರಡು ನಿಮಿಷ ಕಳೆದರೆ ಅದು ವಿವರಣೆಗೆ ಸಿಗುವುದಿಲ್ಲ. ಪಟ್ಟಿಯ ಅಂಚು ಇನ್ನೂ ಎದ್ದಿರಲಿಲ್ಲ. ಇವತ್ತು ಏಳಲಿಕ್ಕಿಲ್ಲ ಎಂದುಕೊಂಡೆ. ಜೀವಮಾನವೆಲ್ಲ ಆಗದ್ದನ್ನು ಆಗುತ್ತದೆ ಎಂದು ಚಿಂತಿಸಿದವನು, ಆಗುವುದೇ ಎಂದು ಗೊತ್ತಿದ್ದದ್ದನ್ನು ಆಗಲಿಕ್ಕಿಲ್ಲ ಎಂದುಕೊಂಡು ಕುಳಿತಿದ್ದೆ.

ಕೊಗನೊಳ್ಳಿಯ ಹತ್ತಿರ ಮುಂದಿನ ಲಾರಿ ನಿಂತಿತು. ನಮ್ಮ ಡ್ರೈವರ್ ಬ್ರೇಕ್ ಒತ್ತಿದ. ಸ್ನೇಹಲ್ ಅವರ ಕೈ ಒಂದಿಷ್ಟು ಜಗ್ಗಿತು, ಪಟ್ಟಿ ಒಮ್ಮೆಲೇ ಬಿಚ್ಚಿ ಬಂತು, ಅದರ ಜೊತೆ ನಳಿಕೆಯೂ ಬಂತು. ಯಂತ್ರದ ಸದ್ದು ಕೆಳಗಿಳಿಯತೊಡಗಿತು. ಕೂಸಿನ ತುಟಿ ನೇರಳೆ ಹಣ್ಣು ತಿಂದಂತಾಯಿತು.

"ಟ್ಯೂಬ್ ಬಂತು," ಎಂದರು ಸ್ನೇಹಲ್. ದನಿಯಲ್ಲಿ ಏರಿಳಿತ ಇರಲಿಲ್ಲ.

ನಾನು ಆಗಲೇ ಮಾಸ್ಕ್ ಕೂಸಿನ ಮುಖಕ್ಕೆ ಇಟ್ಟಿದ್ದೆ. ಚೀಲ ಒತ್ತಿದೆ. ಎದೆ ಏರಲಿಲ್ಲ. ಗದ್ದ ಎತ್ತಿ ಹಿಡಿದೆ, ಮತ್ತೆ ಒತ್ತಿದೆ. ಏರಿತು. ಮುಂದಿನ ಸೀಟಿನಿಂದ ತಾಯಿ ತಿರುಗಿ ನೋಡಿದಳು. ಅವಳ ಮುಖವನ್ನು ನಾನು ನೋಡಿದೆ, ನೋಡಬಾರದಿತ್ತು. "ಗಾಡಿ ಬಾಜೂಕ ಹಚ್ಚಪಾ," ಎಂದು ಕಸ್ತೂರಿ ಡ್ರೈವರನಿಗೆ ಹೇಳಿದಳು. ಹತ್ತು ಸಲ ಒತ್ತುವಷ್ಟರಲ್ಲಿ ಸದ್ದು ತಿರುಗಿ ಮೇಲೇರಿತು. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಹೋಗುತ್ತಲೇ ಇದ್ದವು. ನಿಂತ ಗಾಡಿಯಲ್ಲಿ ಸ್ನೇಹಲ್ ಅವರು ಮೊಣಕಾಲೂರಿ ಹೊಸ ನಳಿಕೆ ಹಾಕಿದರು, ಮತ್ತೆ ಒಂದೇ ಸಲಕ್ಕೆ. ನಾನು ಸ್ಪಿರಿಟಿನ ಹತ್ತಿಯಿಂದ ಗಲ್ಲ ಎರಡೂ ಒರೆಸಿದೆ. ಹತ್ತಿ ಹಳದಿಯಾಗಿ ಜಿಡ್ಡುಗಟ್ಟಿತು. ಪಟ್ಟಿ ಹಚ್ಚಿದರು. ನಾನು ಜೇಬಿನಿಂದ ಲಾಡಿ ತೆಗೆದು 'ಇದನ್ನೂ' ಎಂದು ಸುತ್ತಿದೆ. ಅಳತೆ ಸರಿಯಾಗಿ ಕುಳಿತಿತು.

ಕೂಸು ಉಳಿಯಿತು. ಕೊಲ್ಹಾಪುರದಲ್ಲಿ ಎಂಟು ಹತ್ತು ದಿನ ಇದ್ದು ಮನೆಗೆ ಬಂತು. ಆರೋಹಿ ಈಗ ಅಂಗನವಾಡಿಗೆ ಹೋಗುತ್ತಾಳೆ, ಬಹಳ ಮಾತಾಡುತ್ತಾಳಂತೆ.

ಅವತ್ತು ಕೂಸನ್ನು ಒಪ್ಪಿಸಿ ಹೊರಗೆ ಬಂದಾಗ ಸ್ನೇಹಲ್ ಅವರು ಚಹಾದ ಕಪ್ಪು ಹಿಡಿದುಕೊಂಡು ನನ್ನ ಎದುರಿಗೆ ನಿಂತರು. "ಸರ್, ತಪ್ಪ ನಂದ್ರಿ. ಎಣ್ಣಿ ಐತಿ ಅನ್ನೂದು ನಾ ನೋಡಬೇಕಿತ್ತು. ನೀವು ಇರಲಿಲ್ಲಂದ್ರ ಇವತ್ತ ನಾ ಏನ ಮಾಡತಿದ್ದೆ?" ಇಷ್ಟು ಹೇಳಿ ಚಹಾ ಕುಡಿದರು. ತಪ್ಪು ನನ್ನದು ಎಂಬ ಮಾತು ಇಷ್ಟು ಸರಳವಾಗಿ, ನಡುವೆ ಎಲ್ಲೂ ತಡವರಿಸದೆ, ಒಬ್ಬರ ಬಾಯಿಂದ ಬರಬಹುದು ಎಂದು ನನಗೆ ಗೊತ್ತಿರಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ನಳಿಕೆ ಹಾಕುವ ಕೈಗಿಂತ ಅದಕ್ಕೇ ಹೆಚ್ಚು ಆಯಿತು.

"ಆಗತಾವ ಬಿಡ್ರಿ," ಎಂದೆ.

ಅವರು ಆ ಮಾತನ್ನು ಐದು ತಾಲೂಕಿಗೂ ಹೇಳಿಕೊಂಡು ಬಂದರು: ಎಣ್ಣೆ ಗಮನಿಸದ್ದು ನಾನು, ಕೂಸನ್ನು ಉಳಿಸಿದ್ದು ಸರ್. ಫೆಬ್ರವರಿಯಲ್ಲಿ ನನ್ನ ಫೋನು ಮತ್ತೆ ಹೊಡೆದುಕೊಳ್ಳಲು ಶುರುವಾಯಿತು. ಕಾಗವಾಡದವರು ಕರೆದರು, ಅಥಣಿಯವರು ಕರೆದರು. ತಲೆಯ ಕಡೆಯ ಜಾಗ ನನಗೆ ಮರಳಿ ಸಿಕ್ಕಿತು. ಅಲ್ಲಿ ನಿಂತಾಗ ಈಗಲೂ ಓಡಿಹೋಗಬೇಕು ಅನಿಸುತ್ತದೆ, ಆದರೆ ಹಳೆಯ ಕಾರಣಕ್ಕಲ್ಲ.

ಅವತ್ತು ಕೊಲ್ಹಾಪುರದಿಂದ ಖಾಲಿ ಆಂಬ್ಯುಲೆನ್ಸಿನಲ್ಲಿ ಮರಳುವಾಗ ಸ್ನೇಹಲ್ ಅವರು ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು. ಹಿಂದೆ ಕಸ್ತೂರಿ, ನಾನು. ಅವಳು ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದಳು.

"ಸರ್, ಆ ಲಾಡಿ ಯಾವಾಗ ಕತ್ತರಸಿದ್ರಿ?"

"ಗಾಡಿಯಾಗ."

"ಗಾಡಿಯಾಗ ಕತ್ತರಿ ಇದ್ದಿಲ್ರಿ."

ಆ ಮಾತನ್ನು ಅವಳು ಮತ್ತೆ ಎತ್ತಲಿಲ್ಲ, ಅವತ್ತೂ ಇಲ್ಲ, ಆಮೇಲೂ ಇಲ್ಲ. ಈಗ ಪ್ರತಿ ಕೂಸಿಗೂ, ಯಾರು ತಲೆಯ ಕಡೆಗೆ ನಿಂತಿರಲಿ, ಅವಳೇ ಮೊದಲು ಸ್ಪಿರಿಟಿನ ಹತ್ತಿ ಹಿಡಿದು ಗಲ್ಲ ಒರೆಸುತ್ತಾಳೆ. ಒರೆಸಿ, ಹತ್ತಿಯನ್ನು ಬುಟ್ಟಿಗೆ ಹಾಕುವ ಮುಂಚೆ, ಒಮ್ಮೆ ನನ್ನನ್ನು ನೋಡುತ್ತಾಳೆ.

ಸ್ನೇಹಲ್ ಅವರಿಗೆ ನಾನು ಇನ್ನೂ ಹೇಳಿಲ್ಲ. ಈ ಬರಹ ಅವರ ಕೈಗೆ ಸಿಕ್ಕರೆ ಸಿಗಲಿ. ಆ ಮಧ್ಯಾಹ್ನ ನಿಪ್ಪಾಣಿಯಲ್ಲಿ ತಪ್ಪಿದ್ದು ತೀರಾ ಸಣ್ಣದು. 'ಗಲ್ಲ ಒರಸ್ರಿ' ಎಂಬ ಎರಡು ಶಬ್ದ. ನಾಲಿಗೆಯ ತುದಿಗೆ ಬಂದಿದ್ದವು. ಅವರು ಪಟ್ಟಿ ಹಚ್ಚಿ ಮುಗಿಸುವವರೆಗೆ ಅವನ್ನು ಬಾಯಲ್ಲಿ ಇಟ್ಟುಕೊಂಡಿದ್ದು, ನುಂಗಿದೆ.